ನಲವತ್ತಮೂರನೆಯ ಕಟ್ಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಸಾಕಿ ಬೆಳೆಸುವುದು ಅಲ್ಲಿ ಮೂರು ತಲೆಮಾರಿನಿಂದ ನಡೆದುಬಂದ ಕೆಲಸ. ಆ ಮಕ್ಕಳ ಕಾಗದಪತ್ರಗಳಿದ್ದ ದಫ್ತರದ ಕೋಣೆಯನ್ನು ನಿಜಗುಣಯ್ಯನವರು ನೋಡಿಕೊಳ್ಳುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಅಜ್ಜಾರು.

ಕಣ್ಣು ಮಂಜಾದ ಮೇಲೆ ಅಜ್ಜಾರು ಕೋಣೆಯ ಬೀಗದ ಕೈಯನ್ನು ಶಿಷ್ಯೆ ನೀಲಗಂಗಾಳಿಗೆ ಒಪ್ಪಿಸಿದರು.

ನೀಲಗಂಗಾ ಚುರುಕಿನ ಹೆಂಗಸು. ಧೂಳು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಎಂಟು ತಿಂಗಳು ಕೂತು ಕೋಣೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಳು. ಗೆದ್ದಲು ಹಿಡಿದ ಕಪಾಟುಗಳು ಹೊರಗೆ ಹೋದವು, ಉಕ್ಕಿನ ಬೀರುಗಳು ಒಳಗೆ ಬಂದವು. ಕಾಗದಗಳನ್ನು ಸುತ್ತಿ ಕಟ್ಟಿದ್ದ ಹಳೆಯ ಬಟ್ಟೆ ತುಂಡುಗಳೂ ಒಂದು ಚೀಲ ತುಂಬಿ ಹೊರಗೆ ಹೋದವು.

ಕೆಲಸ ಮುಗಿದ ದಿನ ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಾರ ಬಳಿ ಬಂದಳು. ಮನಸ್ಸಿನಲ್ಲಿ ಹೆಮ್ಮೆ ಇತ್ತು. ಅದರ ಜೊತೆಗೇ ಒಂದು ಅಳುಕೂ ಇತ್ತು.

“ಅಜ್ಜಾರ, ಇನ್ನ ಯಾರ ಹೆಸರು ಹೇಳಿದ್ರೂ ಒಂದು ಗಳಿಗ್ಯಾಗ ಸಿಗತೈತ್ರಿ. ಹುಡುಕೂದೆಲ್ಲ ಅದ ಮಾಡತೈತಿ. ಹಂಗಾರ ಇನ್ನ ನನ್ನ ಕೆಲಸ ಏನ್ರಿ?”

“ಯಾರರ ಬರಲಿ. ಆಗ ಕೇಳು.”

ಅಜ್ಜಾರು ಹೀಗೆಯೇ. ನೇರ ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟರೆ ಅವರಿಗೆ ಅಂದು ಉಂಡ ಅನ್ನ ಅರಗುತ್ತಿರಲಿಲ್ಲ.

ಹದಿನೈದು ದಿನ ಯಾರೂ ಬರಲಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ ಕಾಶವ್ವ ಎಂಬ ಹೆಂಗಸು ಬಂದಳು. ವಯಸ್ಸು ಐವತ್ತು ದಾಟಿತ್ತು. ಇದೇ ಆಶ್ರಮದಲ್ಲಿ ಬೆಳೆದು, ಮದುವೆಯಾಗಿ ಹೋದವಳು. ಇಷ್ಟು ವರ್ಷ ತನಗೆ ಏನೂ ಕೇಳಬೇಕು ಅನಿಸಿರಲಿಲ್ಲ ಎಂದಳು. ಮೊನ್ನೆ ಮೊಮ್ಮಗಳು ಹುಟ್ಟಿದಳಂತೆ. ಆ ಕೂಸನ್ನು ಎತ್ತಿಕೊಂಡಾಗಿನಿಂದ, ತನ್ನನ್ನು ಮೊದಲು ಎತ್ತಿಕೊಂಡವಳು ಯಾರೋ ಎಂಬ ಒಂದೇ ಯೋಚನೆಯಂತೆ.

ನೀಲಗಂಗಾ ಹೆಸರು ಒತ್ತಿದಳು. ಒಂದೇ ಗಳಿಗೆಯಲ್ಲಿ ಬಂತು. ಸಂಖ್ಯೆ ನಲವತ್ತಮೂರು. ಹೆಣ್ಣು ಕೂಸು, ಹತ್ತು ದಿನದ್ದಿರಬಹುದು. ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿತು. ತಂದೆತಾಯಿ ಯಾರೆಂದು ತಿಳಿಯದು.

“ಅಷ್ಟ ಏನವಾ?” ಎಂದಳು ಕಾಶವ್ವ.

“ಅಷ್ಟರೀ.”

ಅಷ್ಟು ಕಾಶವ್ವನಿಗೆ ಮೊದಲೇ ಗೊತ್ತಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಳ್ಳತೊಡಗಿದಳು.

ಬಾಗಿಲ ಬಳಿ ಕೂತಿದ್ದ ಅಜ್ಜಾರು ಅವಳಿಗೆ ಒಂದು ತಂಬಿಗೆ ನೀರು ಕೊಡಿಸಿ, ಸ್ವಲ್ಪ ಹೊತ್ತು ಕೂತಿರಲು ಹೇಳಿದರು. ಆಮೇಲೆ ಶಿಷ್ಯೆಯ ಕಡೆ ತಿರುಗಿದರು.

“ನೀಲವ್ವ, ಹಳೇ ವಹಿಯೊಳಗ ಎಷ್ಟು ಕಾಲಂ ಇದ್ದುವು?”

“ಏಳರೀ.”

“ನಿನ್ನ ಕಂಪ್ಯೂಟರಿನ್ಯಾಗ?”

“ಆರು.”

ಏಳನೆಯದರ ತಲೆಯ ಮೇಲೆ ‘ಬಟ್ಟೆ’ ಎಂದು ಬರೆದಿತ್ತು. ಕಾಗದವನ್ನು ಯಾವ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು ಎಂಬುದು ಇನ್ನು ಯಾರಿಗೆ ಬೇಕು ಎಂದು ಅವಳು ಅದನ್ನು ಬಿಟ್ಟಿದ್ದಳು.

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ವಹಿ ತೆಗೆದು ಓದು ಎಂದರಷ್ಟೇ.

ಅವಳು ಓದಿದಳು. “ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಒಂದು ಮೂಲೆಯಲ್ಲಿ ಹಳದಿ ದಾರದ ಹೊಲಿಗೆ. ಕೂಸನ್ನು ಸುತ್ತಿದ್ದು.”

ಕೊನೆಯ ಎರಡು ಮಾತನ್ನು ಅವಳು ಮತ್ತೊಮ್ಮೆ ಓದಿದಳು.

ಕೂಸು ಯಾವ ಬಟ್ಟೆಯಲ್ಲಿ ಬಂತೋ ಅದೇ ಬಟ್ಟೆಯಲ್ಲಿ ಅದರ ಕಾಗದವನ್ನು ಕಟ್ಟಿಡುವುದು ಆಶ್ರಮದ ಪದ್ಧತಿ. ತಮ್ಮ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿದ್ದುದರಿಂದ ಬಾಯಿಬಿಟ್ಟು ಹೇಳಲೇ ಇಲ್ಲ, ಅದು ತಮ್ಮ ತಪ್ಪು ಎಂದರು ಅಜ್ಜಾರು.

ಕಾಶವ್ವ ತಂಬಿಗೆ ಕೆಳಗಿಟ್ಟಳು. “ಆ ಅರಿವಿ ಐತೇನವಾ?”

ನೀಲಗಂಗಾ ಎದ್ದು ಓಡಿದಳು.

ಚೀಲ ಹೋಗಿದ್ದು ಅಡುಗೆಮನೆಗೆ, ನೆಲ ಒರೆಸಲು. ಮುಕ್ಕಾಲು ಚೀಲ ಹಾಗೇ ಇತ್ತು. ಅಂಗಳದಲ್ಲಿ ಸುರುವಿ ಒಂದೊಂದಾಗಿ ಬಿಡಿಸಿ ನೋಡಿದಳು. ಕೆಂಪು ಸೆರಗು ಇರಲಿಲ್ಲ. ಒಬ್ಬರ ಬದುಕಿನಲ್ಲಿ ತಾಯಿಯದು ಅಂತ ಇದ್ದದ್ದು ಅದೊಂದೇ, ಅದನ್ನೂ ತಾನು ಕಸ ಮಾಡಿದೆನಲ್ಲ ಎಂದು ಅಳು ಬಂತು.

ಆಗ ತೆರೆದ ಬಾಗಿಲಾಚೆ ಅಡುಗೆಯ ಸತ್ಯವ್ವ ಒಲೆಯಿಂದ ಸಾರಿನ ಪಾತ್ರೆ ಇಳಿಸಿದಳು. ಅವಳ ಕೈಯಲ್ಲಿದ್ದ ಮಸಿಬಟ್ಟೆ ಕೆಂಪಗಿತ್ತು. ಒಂದು ಮೂಲೆಯಲ್ಲಿ ಹಳದಿ ದಾರ.

ಅದನ್ನು ಇಸಿದುಕೊಂಡು ಬಂದ ನೀಲಗಂಗಾ ನಲ್ಲಿಯ ಹತ್ತಿರ ಒಂದು ಕ್ಷಣ ನಿಂತಳು. ತೊಳೆದು ಕೊಟ್ಟರೆ ತನ್ನ ತಪ್ಪು ಕಾಣುವುದಿಲ್ಲ. ಬೇಡ ಅನಿಸಿತು. ಇದ್ದ ಹಾಗೇ ತಂದು ಎರಡೂ ಕೈಯಲ್ಲಿ ನೀಡಿದಳು.

“ತಪ್ಪು ನಂದರೀ. ಇದನ್ನ ಮಸಿ ಅರಿವಿ ಮಾಡಿಬಿಟ್ಟಿದ್ದೆ.”

ಕಾಶವ್ವ ಮಸಿಯನ್ನು ನೋಡಲೇ ಇಲ್ಲ. ಹಳದಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಸಣ್ಣ ಸಣ್ಣ ಹೊಲಿಗೆ, ಒತ್ತೊತ್ತಾಗಿತ್ತು. ಅವಸರದಲ್ಲಿ ಹಾಕಿದ್ದಲ್ಲ.

“ಹರದಿತ್ತಂತ ಹೊಲದು ಸುತ್ತ್ಯಾಳ,” ಎಂದಳು.

ಆಮೇಲೆ ಬಹಳ ಹೊತ್ತು ಅತ್ತಳು. ನೀಲಗಂಗಾಳೂ ಅತ್ತಳು. ಮಸಿಯ ಮಾತು ಮತ್ತೆ ಬಂದಾಗ ಕಾಶವ್ವ ಅವಳ ಕೈ ಹಿಡಿದು, ಇದೂ ತನ್ನನ್ನು ಉಣಿಸಿ ಬೆಳೆಸಿದ ಒಲೆಯದೇ, ಇರಲಿ ಬಿಡು ಎಂದಳು.

ದಫ್ತರದ ಕೋಣೆಯಿಂದ ಯಾವುದೂ ಹೊರಗೆ ಹೋಗಬಾರದೆಂಬುದು ನಿಯಮ. ನೀಲಗಂಗಾ ಅಜ್ಜಾರ ಮುಖ ನೋಡಿದಳು. ಅಜ್ಜಾರು ಹೊಳೆಯ ಕಡೆ ತಿರುಗಿ ಕೂತಿದ್ದರು. ಕಾಶವ್ವ ಆ ತುಂಡನ್ನು ಮಡಚಿ, ಮೊಮ್ಮಗಳಿಗೆ ಹೊದಿಸಲು ತೆಗೆದುಕೊಂಡು ಹೋದಳು.

ಅಂದು ಮಧ್ಯಾಹ್ನ ನೀಲಗಂಗಾ ಉಳಿದ ತುಂಡುಗಳನ್ನೆಲ್ಲ ಮರಳಿ ತಂದಳು. ಹಳೆಯ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೂ ಅದರದರ ಕಾಗದಕ್ಕೆ ಸೇರಿಸುತ್ತ, ಕಂಪ್ಯೂಟರಿನಲ್ಲಿ ಏಳನೆಯ ಕಾಲಂ ತುಂಬತೊಡಗಿದಳು. ಹನ್ನೊಂದು ತುಂಡುಗಳು ಸಿಗಲೇ ಇಲ್ಲ. ಅವುಗಳ ಮುಂದೆ, ನನ್ನ ತಪ್ಪಿನಿಂದ ಹೋದವು ಎಂದು ಬರೆದು ತನ್ನ ಹೆಸರು ಹಾಕಿದಳು.

ನಲವತ್ತಮೂರಕ್ಕೆ ಬಂದಾಗ ಬೆರಳು ನಿಂತಿತು.

“ಅಜ್ಜಾರ, ಇದೂ ಈಗ ನಮ್ಮ ಹತ್ರ ಇಲ್ಲ. ಇದನ್ನೂ ಹೋತು ಅಂತ ಬರೀಲೇನ್ರಿ?”

“ಸೇರಬೇಕಾದವರಿಗೆ ಸೇರೇತಿ ಅಂತ ಬರಿ. ಬರದು, ಉಳದವನ್ನ ಒಂದೀಟು ಬಿಸಲಿಗೆ ಹಾಕು. ಅವರೂ ಬರ್ತಾರ.”