ಕೊರಳವರೆಗೆ ತುಂಬಿದ ಬಾಟಲಿ

"ಗುರುಗಳೇ, ನಿಜವನ್ನೇ ಹೇಳಿದವನಿಗೂ ತಪ್ಪು ಅಂಟಿಕೊಳ್ಳುತ್ತದೆಯೇ?" ಎಂದು ಶಿಷ್ಯ ಕೇಳಿದ.

"ಮೊದಲು ನೀನೊಂದು ಊಹೆ ಮಾಡು" ಎಂದರು ಗುರುಗಳು. "ನಾಲ್ಕು ಜನರ ಎದುರಿಗೆ ಒಬ್ಬನನ್ನು, ಇದನ್ನು ಮಾಡಿದ್ದು ನೀನೇ ತಾನೆ ಎಂದು ಕೇಳಿದರು. ಅವನು ನಗುನಗುತ್ತ ಹೌದು ಎಂದ. ಮಾಡಿದ್ದೂ ನಿಜ. ಎಲ್ಲರೂ ಅವನನ್ನು ಮೋಸಗಾರ ಎಂದರು. ಆದರೆ ಅವನು ಮೋಸಗಾರನಲ್ಲ. ಏನಾಗಿರಬಹುದು, ಹೇಳು ನೋಡೋಣ."

ಶಿಷ್ಯ ಯೋಚಿಸಿದ. "ಯಾರನ್ನೋ ಕಾಪಾಡಲು ಅವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿರಬೇಕು."

"ಅಷ್ಟು ದೊಡ್ಡ ಸಂಗತಿಯಲ್ಲ. ಎರಡು ಬೆರಳು ವಿಸ್ಕಿಯ ಸಂಗತಿ. ಮುಖ ಸಿಂಡರಿಸಬೇಡ, ಈ ಕತೆಯಲ್ಲಿ ಯಾರೂ ಒಂದು ಗುಟುಕೂ ಕುಡಿಯುವುದಿಲ್ಲ. ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ, ಅಪರೂಪದ ವಿಸ್ಕಿ ಬಾಟಲಿಗಳಿಗೆ ಬೆಲೆ ಕಟ್ಟಿ ಮಾರಿಸಿಕೊಡುವುದು ಅವನ ಕಸುಬು. ಅಂಥ ಬಾಟಲಿಯನ್ನು ಕೊಂಡವರು ತೆರೆಯುವುದಿಲ್ಲ. ಗಾಜಿನ ಬೀರುವಿನಲ್ಲಿ ಇಡುತ್ತಾರೆ, ಬಂದವರಿಗೆ ತೋರಿಸುತ್ತಾರೆ, ಬೆಲೆ ಏರಿದಾಗ ಮಾರುತ್ತಾರೆ. ಬಿರಡೆ ಒಮ್ಮೆ ಮೇಲೆದ್ದರೆ ಮುಗಿಯಿತು, ಮತ್ತೆ ಅದನ್ನು ಕೇಳುವವರಿಲ್ಲ.

ತೆರೆಯದೆ ಒಳಗಿನದು ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ? ವ್ಯಾಪಾರಿ ಬಾಟಲಿಯನ್ನು ದೀಪಕ್ಕೆ ಹಿಡಿಯುತ್ತಿದ್ದ. ಬಿರಡೆ ಎಷ್ಟೇ ಬಿಗಿಯಾಗಿದ್ದರೂ ಒಳಗಿನದು ವರ್ಷವರ್ಷವೂ ಕೂದಲೆಳೆಯಷ್ಟು ಆವಿಯಾಗಿ ಹೋಗುತ್ತದೆ. ನಲವತ್ತು ವರ್ಷದ ಬಾಟಲಿ ಎರಡು ಬೆರಳಾದರೂ ಇಳಿದಿರಬೇಕು. ಇಳಿದಿದ್ದರೆ ಅಸಲಿ. ಕೊರಳವರೆಗೆ ತುಂಬಿದ್ದರೆ ಯಾರೋ ಕೈ ಆಡಿಸಿದ್ದಾರೆ ಎಂದೇ ಅರ್ಥ. ಈ ಲೆಕ್ಕದಲ್ಲಿ ಅವನು ಒಮ್ಮೆಯೂ ತಪ್ಪಿದವನಲ್ಲ.

ಒಂದು ದಿನ ಸಣ್ಣ ಊರಿನ ಎಣ್ಣೆ ವ್ಯಾಪಾರಿಯೊಬ್ಬ ಟವೆಲಿನಲ್ಲಿ ಬಾಟಲಿ ಸುತ್ತಿಕೊಂಡು ಬಂದ. ಅವನ ತಂದೆ ಸೇತುವೆ ಕಟ್ಟುವವರ ಬಿಡಾರಕ್ಕೆ ದೀಪದ ಎಣ್ಣೆ ಕೊಡುತ್ತಿದ್ದನಂತೆ. ಊರು ಬಿಡುವಾಗ ಪರದೇಶದ ಇಂಜಿನಿಯರ್ ಒಬ್ಬ ಕೊಟ್ಟು ಹೋದದ್ದು. ಕುಡಿಯುವ ಮನೆಯಲ್ಲ, ಪೆಟ್ಟಿಗೆಯ ತಳದಲ್ಲಿ ಹಾಗೇ ಉಳಿದಿತ್ತು. ಈಗ ಅವನ ಬಾಡಿಗೆ ಅಂಗಡಿಯ ಕಟ್ಟಡವನ್ನು ಮಾಲೀಕ ಮಾರುತ್ತಿದ್ದ. ಎರಡು ತಿಂಗಳಲ್ಲಿ ಎಣ್ಣೆಯವನೇ ಕೊಂಡರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಮೂವತ್ತು ವರ್ಷ ಕೂತ ಜಾಗ ಬಿಟ್ಟು ಏಳಬೇಕು.

ವ್ಯಾಪಾರಿ ದೀಪಕ್ಕೆ ಹಿಡಿದು ನೋಡಿದ. "ಎರಡು ಬೆರಳು ಇಳಿದಿದೆ" ಎಂದ. ಅವನ ಕಸುಬಿನಲ್ಲಿ ಅದು ಹೊಗಳಿಕೆ. ಬಿಡಿಸಿ ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ನಾಲ್ಕು ಲಕ್ಷಕ್ಕೆ ಮೋಸವಿಲ್ಲ. ಮುಂದಿನ ತಿಂಗಳು ಕೊಳ್ಳುವವರನ್ನು ಕರೆಸಿರುತ್ತೇನೆ, ತೆಗೆದುಕೊಂಡು ಬನ್ನಿ" ಎಂದು ಕಳಿಸಿದ.

ಹೇಳಿದ ದಿನ ಎಣ್ಣೆಯವನು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೊಳ್ಳುವವರು ನಾಲ್ವರು ಕೂತಿದ್ದರು. ವ್ಯಾಪಾರಿ ಬಾಟಲಿಯನ್ನು ದೀಪಕ್ಕೆ ಹಿಡಿದ. ಅದು ಕೊರಳವರೆಗೆ ತುಂಬಿತ್ತು.

"ಇದನ್ನು ತೆರೆದು ತುಂಬಿಸಿದ್ದಾರೆ. ನೀವೇನಾ?"

"ಹೌದು ಸ್ವಾಮಿ, ನಾನೇ. ಈಗ ಸರಿಹೋಯಿತಲ್ಲ?" ಎಂದು ಅವನು ನಕ್ಕ.

ನಾಲ್ವರೂ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ, "ಆ ಎಣ್ಣೆ ಸಾಲದು ಅಂತ ಈ ಎಣ್ಣೆಗೂ ಬೆರಕೆ ಮಾಡಿದ್ದೀರಾ ಯಜಮಾನರೇ? ಧೈರ್ಯ ಮೆಚ್ಚಬೇಕು" ಎಂದ. ಕೋಣೆಯೆಲ್ಲ ನಗು. ಎಣ್ಣೆಯವನ ನಗು ಮಾತ್ರ ನಿಂತಿತು. "ಅಲ್ಲ ಸ್ವಾಮಿ, ಅವತ್ತು ನೀವೇ..." ಎಂದು ಶುರುಮಾಡಿದ. ವ್ಯಾಪಾರಿ ಕೈ ಎತ್ತಿ ತಡೆದ. ಎಣ್ಣೆಯವನು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದ.

ಮಾತು ಅವನಿಗಿಂತ ಮೊದಲೇ ಅವನ ಊರು ಸೇರಿತು. ಬಾಟಲಿಗೆ ಬೆರೆಸಿದವನು ಡಬ್ಬಕ್ಕೆ ಬೆರೆಸದೆ ಇರುತ್ತಾನೆಯೇ ಎಂದರು ಜನ. ಕಟ್ಟಡ ಕೊಳ್ಳುವ ಮಾತಿರಲಿ, ಎಣ್ಣೆ ಕೊಳ್ಳುವವರೇ ಇಲ್ಲದಾದರು. ಗಡುವು ಮುಗಿಯುವ ಮೊದಲೇ ಅವನು ಬಾಗಿಲು ಹಾಕಿದ.

ಮೂರು ವರ್ಷದ ಮೇಲೆ ಬೇರೆ ಕೆಲಸಕ್ಕೆ ವ್ಯಾಪಾರಿ ಆ ಊರಿಗೆ ಹೋದ. ಎಣ್ಣೆ ಅಂಗಡಿಯ ಜಾಗದಲ್ಲಿ ಚಪ್ಪಲಿ ಅಂಗಡಿ ಇತ್ತು. ಪಕ್ಕದಲ್ಲಿ ಕೂತಿದ್ದ ದರ್ಜಿಯನ್ನು, ಇಲ್ಲಿದ್ದ ಮೋಸಗಾರ ಎಲ್ಲಿ ಎಂದು ಕೇಳಿದ.

ದರ್ಜಿ ಹೊಲಿಗೆ ನಿಲ್ಲಿಸಿದ. "ಯಾರಿಗೆ ಮೋಸಗಾರ ಅಂತೀರಿ? ಅಳೆದ ಮೇಲೆ ಒಂದು ಮಿಳ್ಳೆ ಕೊಸರು ಹಾಕದೆ ಆ ಮನುಷ್ಯ ಯಾರಿಗೂ ಎಣ್ಣೆ ಕೊಟ್ಟವನಲ್ಲ. ಪೇಟೆಯಲ್ಲಿ ಯಾವನೋ ದೊಡ್ಡವನು, ಬಾಟಲಿ ಎರಡು ಬೆರಳು ಕಡಿಮೆ ಇದೆ ಅಂದನಂತೆ. ಅಷ್ಟು ದುಡ್ಡು ಕೊಡೋರಿಗೆ ಅಳತೆ ಕಡಿಮೆ ಕೊಡೋದು ಹೇಗಪ್ಪಾ ಅಂತ ಎರಡು ದಿನ ಊಟ ಬಿಟ್ಟ. ಹೆಂಡದಂಗಡಿ ಮೆಟ್ಟಿಲು ಹತ್ತದವನು ಹತ್ತಿದ. ಇರೋದರಲ್ಲಿ ದುಬಾರಿಯದು ಕೊಡಿ ಅಂತ ಕೇಳಿ ತಂದ. ನನ್ನ ಈ ಮಣೆ ಮೇಲೇ ಕೂತು, ಬಿರಡೆ ಮುರೀದ ಹಾಗೆ ತೆಗೆದು, ತೊಟ್ಟು ತೊಟ್ಟಾಗಿ ತುಂಬಿಸಿದ. ಹೋದ ಕಾರ್ತಿಕದಲ್ಲಿ ತೀರಿಕೊಂಡ. ನಿಮಗೆ ಅವನಿಂದ ಏನಾಗಬೇಕಿತ್ತು?"

ವ್ಯಾಪಾರಿ ಬಂದ ಕೆಲಸವನ್ನೂ ಮಾಡದೆ ಹಿಂದಿರುಗಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಬಾಟಲಿ ತೆರೆದದ್ದು ನಿಜ, ತುಂಬಿಸಿದ್ದೂ ನಿಜ. ವ್ಯಾಪಾರಿ ಅಷ್ಟನ್ನೇ ಹೇಳಿದ. ಮೊದಲು ಮೋಸಗಾರ ಎಂದವರು ಜನ. ಇದರಲ್ಲಿ ಅವನ ತಪ್ಪೇನು?"

ಗುರುಗಳು ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಆಮೇಲೆ ಒಂದೇ ಮಾತು ಹೇಳಿದರು.

"ಅವನ ಮಾತು ಮುಗಿಯುವ ಮೊದಲು ಎದ್ದ ಕೈ ಇದೇ ಮಗು, ಅಂದು ಎರಡು ಸಾವಿರದ ನಾಲ್ಕನೆಯ ಇಸವಿ, ಫೆಬ್ರವರಿ ಹನ್ನೊಂದು, ಬುಧವಾರ."