ಕಲ್ಲಿಲಿಯ ಜಾಗ

ಅಡಿವೆಪ್ಪನಿಗೆ ಅದು ಆರನೆಯ ಮಠ. ಇಲ್ಲಿಂದಲೂ ಎದ್ದುಹೋದರೆ ಇನ್ನು ಯಾವ ಗುರುವೂ ಹತ್ತಿರ ಸೇರಿಸುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಬೆಳಕು ಹರಿಯುವ ಮುಂಚೆಯೇ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

“ಅಜ್ಜಾರ, ನಾ ಹೊಂಟೆ. ಇಲ್ಲಿ ಮನಸ್ಸು ನಿಲ್ಲವಲ್ದು.”

“ಏನಾತು?”

“ಗುಡ್ಡದ ಬುಡಕ್ಕ ಧ್ಯಾನಕ್ಕ ಕೂಡ್ತೀನಲ್ಲ, ಅಲ್ಲಿ ದಿನಾ ಯಾರೋ ಸಣ್ಣ ಸಣ್ಣ ಹಳ್ಳುಕಲ್ಲು ಸುರೀತಾರ. ನಾ ಗುಡಿಸೋದು, ಅವರು ಸುರಿಯೋದು. ಹನ್ನೊಂದು ದಿನ ಆತು. ಇದು ಸಾವಂತ್ರವ್ವಂದ ಕೆಲಸ.”

ಸಾವಂತ್ರವ್ವ ಮಠದ ಅಡುಗೆಯಾಕೆ. ಒಲೆಯ ಮುಂದಿನಿಂದಲೇ ಅಂದಳು, “ನಂಗ ರೊಟ್ಟಿ ಬಡಿಯೋದ ಮುಗಿಯಂಗಿಲ್ಲ. ಇವನ ಸಲುವಾಗಿ ಹಳ್ಳು ಆರಿಸ್ಕೋತ ಕುಂದರ್ಲೇನು?”

ಗುರುಗಳು ನಗುತ್ತ ಎದ್ದರು. “ಬಾ.”

ಅಡಿವೆಪ್ಪ ಗಂಟು ಬಿಡದೆ ಹಿಂದೆ ನಡೆದ. ಹೋಗಬೇಕು, ಸರಿ, ಆದರೆ ಎಲ್ಲಿಗೆ?

ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಬುಡದ ಒಂದು ಬಂಡೆಯ ಮರೆಯಲ್ಲಿ ಇಬ್ಬರೂ ಕೂತರು. ಅವನು ಕಾಲು ಬದಲಿಸಿದ, ಕೆಮ್ಮಿದ, ಗಂಟು ಬಿಚ್ಚಿ ಮತ್ತೆ ಕಟ್ಟಿದ. ಗುರುಗಳು ತೊಡೆ ಚಿವುಟಿದ ಮೇಲೆಯೇ ಸುಮ್ಮನಾದದ್ದು.

ಅವನು ದಿನಾ ಕೂಡುವ ಜಾಗದ ಅಂಚಿಗೇ, ಹುಲ್ಲಿನ ಮರೆಯಲ್ಲಿ ಒಂದು ಬಿಲವಿತ್ತು. ಬೆರಳುದ್ದದ ಕಂದು ಇಲಿಯೊಂದು ಕಡಲೆಕಾಳಿನಷ್ಟು ಹಳ್ಳು ಕಚ್ಚಿ ತಂದು ಬಿಲದ ಬಾಯಿಗೆ ಇಟ್ಟಿತು. ಓಡಿಹೋಗಿ ಇನ್ನೊಂದು ತಂದಿತು.

“ಕಲ್ಲಿಲಿ,” ಗುರುಗಳು ಪಿಸುಗುಟ್ಟಿದರು. “ಇಂಥ ಗರಸುನೆಲದಾಗ ಇರತೈತಿ. ಬಾಗಿಲಿಗೂ ಹಳ್ಳು, ಹಾಸಿಗೆಗೂ ಹಳ್ಳು. ಒಳಗ ಮರಿ ಇರಬೇಕು.”

ಅಡಿವೆಪ್ಪನ ಮುಖ ಸಣ್ಣದಾಯಿತು. ಹನ್ನೊಂದು ದಿನ ಅದರ ಬಾಗಿಲನ್ನೇ ಗುಡಿಸಿ ಎಸೆದಿದ್ದ. ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಇಷ್ಟು ಕಾಟ ಕೊಟ್ಟರೂ ಅದು ಯಾಕ ಹೋಗಲಿಲ್ಲ ಅಜ್ಜಾರ? ಗುಡ್ಡದ ತುಂಬ ಜಾಗ ಐತಿ.”

“ಪಾಪ, ಅದು ನಿನ್ನಷ್ಟು ಊರು ನೋಡಿಲ್ಲ.”

ಅಡಿವೆಪ್ಪ ತಲೆ ತಗ್ಗಿಸಿದ. ಗಂಟನ್ನು ನೆಲಕ್ಕಿಟ್ಟ, ಮತ್ತೆ ಎತ್ತಿಕೊಂಡ.

“ಹಂಗಾರ ನಾ ಇರ್ಲೋ, ಹೋಗ್ಲೋ? ಇನ್ನ ಅಲ್ಲಿ ಕೂಡಾಕ ಆಗಂಗಿಲ್ಲ. ನನಗ ಈ ಜಾಗ ಸರಿ ಇಲ್ಲ.”

ಗುರುಗಳು ಅವನ ಕೈಯಿಂದ ಗಂಟು ಇಸಿದುಕೊಂಡು, ಬಿಲದಿಂದ ತುಸು ಆಚೆ ನೆಲದ ಮೇಲೆ ಇಟ್ಟರು.

“ಜಾಗ ಸರಿ ಐತಿ, ತಮ್ಮಾ. ನೀ ಒಂದು ಮಾರು ಸರಿ.”