ಬದಲಿಗೆ ಕೊಟ್ಟ ಬೌಲರ್

ನದಿಯ ದಡದಲ್ಲಿ ಗುರು ನಂಜಯ್ಯನವರ ಆಶ್ರಮವಿತ್ತು. ಅಲ್ಲಿ ಅವರು ಕಲಿಸುತ್ತಿದ್ದುದು ಬೌಲಿಂಗ್.

ಬೆಳಗ್ಗೆ ಪ್ರಾರ್ಥನೆ, ಆಮೇಲೆ ಗಂಜಿ, ಆಮೇಲೆ ಬಿಸಿಲೇರುವ ತನಕ ಚೆಂಡು. ಸುತ್ತಲಿನವರು ಅದನ್ನು ಚೆಂಡಿನ ಮಠ ಎನ್ನುತ್ತಿದ್ದರು. ಗುರುಗಳು ನಗುತ್ತಿದ್ದರೇ ಹೊರತು ಬೇಡವೆನ್ನುತ್ತಿರಲಿಲ್ಲ.

ರೇವಣ್ಣ ಅವರ ಹಿರಿಯ ಶಿಷ್ಯ. ಆಶ್ರಮದ ತಂಡವನ್ನು ನೋಡಿಕೊಳ್ಳುತ್ತಿದ್ದವನು ಅವನೇ.

ಆ ವರ್ಷ ತಂಡಕ್ಕೆ ಒಂದು ರೋಗ ಹಿಡಿದಿತ್ತು. ಮೊದಲೆಲ್ಲ ಚೆನ್ನಾಗಿ ಆಡುವುದು, ಗೆದ್ದೇಬಿಟ್ಟೆವು ಎನ್ನುವಾಗ ಕೊನೆಯ ಓವರುಗಳಲ್ಲಿ ಪಂದ್ಯವನ್ನು ಎದುರಾಳಿಗೆ ಒಪ್ಪಿಸಿ ಬರುವುದು.

ಹಾಗೆ ಸೋತು ಬಂದ ಒಂದು ಸಂಜೆ ರೇವಣ್ಣ ಗುರುಗಳ ಮುಂದೆ ಕುಳಿತ.

"ಗುರುಗಳೇ, ಮೊದಲ ಓವರ್ ಹಾಕುವುದಕ್ಕೆ ನಮ್ಮಲ್ಲಿ ಎಲ್ಲರೂ ಮುಂದೆ ಬರುತ್ತಾರೆ. ಕೊನೆಯ ಓವರ್ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆ ಕಾಯುವವರದ್ದೇ ಒಂದು ಪಡೆ ಕಟ್ಟಬೇಕು."

"ಕಟ್ಟು."

"ಹೊಸ ಹುಡುಗರನ್ನು ತಯಾರು ಮಾಡುತ್ತೇನೆ. ಆದರೆ ಅಷ್ಟು ಸಾಲದು. ನುರಿತವರು ಒಬ್ಬಿಬ್ಬರು ಬೇಕು. ಬೇರೆ ತಂಡಗಳಿಂದ ಅದಲುಬದಲು ಮಾಡಿ ತರಬೇಕಾಗುತ್ತದೆ."

"ತಾ. ಎಂಥವರು ಬೇಕು ನಿನಗೆ?"

"ನಂಬಬಹುದಾದವರು ಬೇಕು ಗುರುಗಳೇ."

ಗುರುಗಳು ಅವನನ್ನೇ ಸ್ವಲ್ಪ ಹೊತ್ತು ನೋಡಿದರು.

ರೇವಣ್ಣ ಕೆಲಸ ಶುರುಮಾಡಿದ. ಹೊಸ ಹುಡುಗರಲ್ಲಿ ಇಬ್ಬರ ಮೇಲೆ ಅವನಿಗೆ ಕಣ್ಣಿತ್ತು. ಒಬ್ಬ ಅಫ್ಸರ್, ನಿಧಾನಿ, ಆದರೆ ಹೇಳಿದ ಜಾಗಕ್ಕೆ ಚೆಂಡು ಹಾಕುವವನು. ಇನ್ನೊಬ್ಬ ಮಾದೇಶ. ಅವನ ಚೆಂಡಿನ ವೇಗಕ್ಕೆ ದೊಡ್ಡವರೇ ಹಿಂದಕ್ಕೆ ಸರಿಯುತ್ತಿದ್ದರು.

ಒಂದು ದಿನ ಅಭ್ಯಾಸ ಮುಗಿದ ಮೇಲೆ ಮಾದೇಶ ರೇವಣ್ಣನ ಹತ್ತಿರ ಬಂದ.

"ಅಣ್ಣ, ಚೆಂಡು ಬಿಡುವಾಗ ಭುಜದೊಳಗೆ ಏನೋ ಸೆಳೆದ ಹಾಗಾಗುತ್ತೆ."

"ಯಾವತ್ತಿನಿಂದ?"

"ಯುಗಾದಿ ಆದಮೇಲಿಂದ."

"ಯಾರಿಗಾದರೂ ಹೇಳಿದೆಯಾ?"

"ಇಲ್ಲಣ್ಣ. ನಿಮಗೇ ಮೊದಲು."

ರೇವಣ್ಣ ಅತ್ತಿತ್ತ ನೋಡಿದ. "ಹೇಳಬೇಡ. ನೋವು ಅಂದವನನ್ನು ಯಾರೂ ಆಡಿಸಲ್ಲ."

ಮಾದೇಶ ತಲೆಯಾಡಿಸಿದ. ಅಣ್ಣ ತನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂದುಕೊಂಡ. ಆ ಹೊತ್ತಿಗೆ ರೇವಣ್ಣನೂ ಹಾಗೇ ಎಂದುಕೊಂಡಿದ್ದ.

ಆಚೆ ದಡದಲ್ಲೂ ಒಂದು ತಂಡವಿತ್ತು. ಅದನ್ನು ನಡೆಸುತ್ತಿದ್ದವರು ಪಂಕಜಾ ಮೇಡಂ, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಅವರಲ್ಲಿ ಚೆಂಗಪ್ಪ ಎಂಬ ಬೌಲರ್ ಇದ್ದ. ಕೊನೆಯ ಓವರ್ ಎಂದರೆ ಅವನಿಗೆ ಅಂಗಳದಲ್ಲಿ ಓಡಾಡಿದಷ್ಟೇ ಸಲೀಸು.

ರೇವಣ್ಣ ದೋಣಿ ಹತ್ತಿ ಹೋದ. ಚೆಂಗಪ್ಪನನ್ನು ಕೇಳಿದ. ಬದಲಿಗೆ ಮಾದೇಶನನ್ನು ಕೊಡುತ್ತೇನೆ ಎಂದ.

ಮೇಡಂ ಒಂದು ಬೆಳಗ್ಗೆ ಈ ದಡಕ್ಕೆ ಬಂದು ಮಾದೇಶನ ಬೌಲಿಂಗ್ ನೋಡಿದರು. ಅವರಿಗೆ ಹಿಡಿಸಿತು.

"ರೇವಣ್ಣ, ಚೆಂಗಪ್ಪನ ವಿಷಯ ಹೇಳಿಬಿಡುತ್ತೇನೆ" ಎಂದರು. "ಚಳಿಗೆ ಅವನ ಮಂಡಿ ಹಿಡಿಯುತ್ತೆ, ಬಿಸಿನೀರಿನ ಶಾಖ ಕೊಡಬೇಕು. ಕ್ಯಾಚ್ ಬಿಟ್ಟರೆ ಸಿಟ್ಟಾಗುತ್ತಾನೆ, ಆಗ ಸುಮ್ಮನೆ ಬಿಟ್ಟುಬಿಡು, ತಾನೇ ತಣ್ಣಗಾಗುತ್ತಾನೆ. ಎಡಗೈ ಆಟಗಾರರಿಗೆ ಹಾಕುವಾಗ ಸ್ವಲ್ಪ ತಡವರಿಸುತ್ತಾನೆ. ಇಷ್ಟೇ. ಇನ್ನು ನಿಮ್ಮ ಹುಡುಗನದ್ದು ಹೇಳಪ್ಪ."

ರೇವಣ್ಣ ಮೈದಾನದ ಕಡೆ ನೋಡಿದ.

"ಅವನದ್ದೇನೂ ಇಲ್ಲ ಮೇಡಂ. ಕಲ್ಲುಗುಂಡಿನ ಹಾಗಿದ್ದಾನೆ."

ಮಾದೇಶನಿಗೆ ವಿಷಯ ತಿಳಿದದ್ದು ಅವನ ಚೀಲ ಜಗುಲಿಗೆ ಬಂದಮೇಲೆ.

"ಅಣ್ಣ, ನಾನೇನಾದರೂ ತಪ್ಪು ಮಾಡಿದೆನಾ?"

"ಇಲ್ಲ ಕಣೋ. ಅಲ್ಲಿ ನಿನಗೆ ಆಡುವುದಕ್ಕೆ ಹೆಚ್ಚು ಅವಕಾಶ ಸಿಗುತ್ತೆ."

ಮಾದೇಶ ಗುರುಗಳ ಕಾಲಿಗೆ ಬಿದ್ದು, ರೇವಣ್ಣನ ಕಾಲಿಗೂ ಬಿದ್ದು, ದೋಣಿ ಹತ್ತಿದ. ದೋಣಿ ಹೊರಟ ಮೇಲೂ ಗುರುಗಳು ದಡದಲ್ಲೇ ನಿಂತಿದ್ದರು. ರೇವಣ್ಣನಿಗೆ ಅಭ್ಯಾಸಕ್ಕೆ ಹೊತ್ತಾಗಿತ್ತು.

ಚೆಂಗಪ್ಪ ಬಂದಮೇಲೆ ತಂಡದ ರೋಗ ಬಿಟ್ಟಿತು. ಅವನು ಗೆಲ್ಲಿಸಿದ. ಅವನನ್ನು ನೋಡಿ ಅಫ್ಸರ್ ಕಲಿತ, ಅವನೂ ಗೆಲ್ಲಿಸಿದ. ಕೊನೆಯ ಓವರ್ ಯಾರಿಗೆ ಎಂದು ನಾಯಕ ಕೇಳಿದರೆ ಈಗ ಕೈಗಳು ಮೇಲೇಳುತ್ತಿದ್ದವು.

"ಎಂಥ ಪಡೆ ಕಟ್ಟಿದೆಯಪ್ಪ!" ಎಂದು ಜನ ರೇವಣ್ಣನ ಬೆನ್ನು ತಟ್ಟಿದರು.

ಒಂದು ಮಧ್ಯಾಹ್ನ ಪಂಕಜಾ ಮೇಡಂ ಆಶ್ರಮಕ್ಕೆ ಬಂದರು. ಗುರುಗಳೂ ರೇವಣ್ಣನೂ ಜಗುಲಿಯ ಮೇಲಿದ್ದರು. ಮೇಡಂ ಕೂರಲಿಲ್ಲ. ಕೊಟ್ಟ ನೀರು ಕುಡಿಯಲಿಲ್ಲ.

"ಮಾದೇಶನ ಭುಜ ಹೋಯಿತು" ಎಂದರು. "ಓಡಿ ಬಂದು ಚೆಂಡು ಬಿಟ್ಟವನು ಅಲ್ಲೇ ಮಂಡಿಯೂರಿಬಿಟ್ಟ. ಒಳಗೆ ಹರಿದಿದೆ ಅಂದರು ಡಾಕ್ಟರು. ಇನ್ನು ವೇಗವಾಗಿ ಹಾಕುವ ಆಸೆ ಬಿಡಬೇಕಂತೆ."

ರೇವಣ್ಣ ಎದ್ದು ನಿಂತ.

ಮೇಡಂ ಅವನ ಮುಂದೆ ಕೈಮುಗಿದರು.

"ತಪ್ಪು ನನ್ನದು ರೇವಣ್ಣ. ನೀನು ಕಲ್ಲುಗುಂಡಿನಂಥ ಹುಡುಗನನ್ನು ನನ್ನ ಕೈಗೆ ಕೊಟ್ಟಿದ್ದೆ. ಗೆಲ್ಲುವ ಆಸೆಗೆ ಬಿದ್ದು ಜಾಸ್ತಿ ದುಡಿಸಿಬಿಟ್ಟೆ ಅಂತ ಕಾಣುತ್ತೆ. ಎಲ್ಲಿ ಎಡವಿದೆ ಅಂತ ಎಷ್ಟು ಯೋಚನೆ ಮಾಡಿದರೂ ತಿಳಿಯುತ್ತಿಲ್ಲ. ನಿನ್ನ ಕ್ಷಮೆ ಕೇಳದೆ ಇರುವುದಕ್ಕೆ ಆಗಲಿಲ್ಲ."

ಆ ಕ್ಷಣದಲ್ಲಿ ರೇವಣ್ಣ ಹೇಳಬಹುದಿತ್ತು. ಬಾಯಿ ತೆರೆದ ಕೂಡ.

"ಹೋಗಲಿ ಬಿಡಿ ಮೇಡಂ" ಎಂದ.

ಮೇಡಂ ಕಣ್ಣೊರೆಸಿಕೊಂಡು ಹೋದರು. ಅವರು ದೋಣಿ ಹತ್ತುವವರೆಗೂ ರೇವಣ್ಣನಿಗೆ ತಲೆಯೆತ್ತಲು ಆಗಲಿಲ್ಲ. ಮೇಡಂ ಮುಗಿದ ಕೈಗಳೇ ಕಣ್ಣಮುಂದೆ ನಿಂತಿದ್ದವು. ತನ್ನ ತಾಯಿಯ ವಯಸ್ಸಿನವರು ತನ್ನ ತಪ್ಪಿಗೆ ತನಗೇ ಕೈಮುಗಿದಿದ್ದರು, ತಾನು ದೊಡ್ಡ ಮನಸ್ಸಿನವನ ಹಾಗೆ ಅವರನ್ನು ಕ್ಷಮಿಸಿ ಕಳಿಸಿದ್ದ.

ಗುರುಗಳು ಹೊಲಿಗೆ ಬಿಟ್ಟ ಚೆಂಡೊಂದನ್ನು ಹೊಲಿಯುತ್ತ ಕೂತಿದ್ದರು.

ಆ ದಿನ ರೇವಣ್ಣ ಊಟ ಮಾಡಲಿಲ್ಲ. ಮರುದಿನ ಅಭ್ಯಾಸಕ್ಕೆ ಹೋದ, ಹುಡುಗರು "ಅಣ್ಣ" ಎಂದಾಗಲೆಲ್ಲ ಬೆಚ್ಚಿದ. ಅಭ್ಯಾಸವನ್ನು ಅರ್ಧಕ್ಕೆ ನಿಲ್ಲಿಸಿ ಗುರುಗಳ ಬಳಿ ಬಂದ.

"ಗುರುಗಳೇ, ಅವನ ಭುಜದಲ್ಲಿ ನೋವಿತ್ತು. ನನಗೆ ಗೊತ್ತಿತ್ತು. ಮುಚ್ಚಿಟ್ಟು ಕೊಟ್ಟೆ."

ಅಂದೂ ಚೆಂಡು ಹೊಲಿಯುತ್ತಿದ್ದ ಗುರುಗಳು ದಾರ ಎಳೆದು ಗಂಟು ಹಾಕಿದರು.

"ನನಗೆ ಯಾಕೆ ಹೇಳುತ್ತಿದ್ದೀಯ?"

"ನೀವು ನನ್ನ ಗುರುಗಳು."

"ಭುಜ ನನ್ನದಲ್ಲವಲ್ಲಪ್ಪ."

ರೇವಣ್ಣ ಹೇಳಿದ: "ಚೆಂಗಪ್ಪನನ್ನು ವಾಪಸ್ ಕಳಿಸಿಬಿಡುತ್ತೇನೆ. ಮಾದೇಶನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಲೆಕ್ಕ ಸರಿಹೋಗುತ್ತೆ."

"ಅವರನ್ನು ಕೇಳಿದೆಯಾ?"

"ಯಾರನ್ನು?"

ಪ್ರಶ್ನೆ ಬಾಯಿಂದ ಬೀಳುತ್ತಲೇ ಉತ್ತರವೂ ಹೊಳೆಯಿತು. ರೇವಣ್ಣನ ಕಿವಿ ಕೆಂಪಾಯಿತು. ಅವನು ಎದ್ದು ಚೆಂಗಪ್ಪನ ಬಳಿಗೆ ಹೋದ, ಎಲ್ಲವನ್ನೂ ಹೇಳಿದ.

ಚೆಂಗಪ್ಪ ಮಂಡಿಗೆ ಸುತ್ತಿದ್ದ ಬಿಸಿಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟ.

"ನನಗೆ ಈ ದಡಕ್ಕೆ ಬರುವ ಮನಸ್ಸಿರಲಿಲ್ಲ ರೇವಣ್ಣ. ಮೇಡಂ ಕೇಳಿದರು. 'ನೀನು ಹೋದರೆ ಒಬ್ಬ ಒಳ್ಳೆ ಹುಡುಗ ಇಲ್ಲಿ ಬೆಳೆಯುತ್ತಾನೆ' ಅಂದರು. ಅದಕ್ಕೇ ಒಪ್ಪಿದೆ."

"ಈಗ?"

"ಈಗ ಹುಡುಗನನ್ನೂ ತಂಡವನ್ನೂ ಮೇಡಂ ಒಬ್ಬರೇ ನೋಡಿಕೊಳ್ಳಬೇಕು. ನಾನು ಹೋಗುತ್ತೇನೆ. ನೀನು ಕಳಿಸುವುದು ಬೇಡ, ನಾನೇ ಹೋಗುತ್ತೇನೆ."

ಮರುದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೋದರು.

ಪಂಕಜಾ ಮೇಡಂ ಮನೆಯ ಹಿತ್ತಿಲಲ್ಲಿ ಮಾದೇಶನಿಗೆ ಅನ್ನ ಕಲಸಿ ಕೊಡುತ್ತಿದ್ದರು. ಅವನ ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಎಡಗೈಯಲ್ಲಿ ಚಮಚ ಹಿಡಿದಿದ್ದ. ರೇವಣ್ಣನನ್ನು ನೋಡಿ ಎದ್ದು ನಿಲ್ಲಲು ಹೊರಟ.

"ಕೂತ್ಕೋ" ಎಂದ ರೇವಣ್ಣ. ತಾನು ನಿಂತೇ ಹೇಳಿದ. ಯುಗಾದಿ ಆದಮೇಲಿನ ನೋವು, ಹೇಳಬೇಡ ಎಂದದ್ದು, ಮೇಡಂ ಕೇಳಿದಾಗ ಇಲ್ಲವೆಂದದ್ದು, ಮೊನ್ನೆ ಅವರು ಕ್ಷಮೆ ಕೇಳಿದಾಗಲೂ ಸುಮ್ಮನಿದ್ದದ್ದು.

ಮೇಡಂ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಮೊನ್ನೆ ನಾನು ಕೈಮುಗಿದೆನಲ್ಲ, ಆವಾಗಲೂ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಮೇಡಂ."

"ಭುಜದ ಮಾತು ಹಾಗಿರಲಿ. ಆವತ್ತು ಯಾಕಪ್ಪ ಸುಮ್ಮನಿದ್ದೆ?"

ಮೇಡಂ ಎದ್ದು ಒಳಗೆ ಹೋದರು. ಚೆಂಗಪ್ಪ ಅವರ ಹಿಂದೆಯೇ ಹೋದ.

ಹಿತ್ತಿಲಲ್ಲಿ ಇಬ್ಬರೇ ಉಳಿದರು.

"ಮಾದೇಶ, ಇಲ್ಲಿಗೆ ಬಂದಮೇಲಾದರೂ ನೀನು ಮೇಡಂಗೆ ಹೇಳಬಹುದಿತ್ತಲ್ಲೋ."

"ನೀವು ಹೇಳಬೇಡ ಅಂದಿದ್ರಿ."

"ನಾನು ನಿನ್ನನ್ನು ಕೊಟ್ಟುಬಿಟ್ಟಿದ್ದೆನಲ್ಲ. ಆಮೇಲೂ ನನ್ನ ಮಾತು ಯಾಕೆ?"

ಮಾದೇಶ ಅನ್ನವನ್ನು ಚಮಚದಲ್ಲಿ ಅತ್ತಿತ್ತ ಸರಿಸಿದ.

"ಹೇಳಿದರೆ ಇವರು ವಾಪಸ್ ಕಳಿಸುತ್ತಾರೆ ಅಂದುಕೊಂಡೆ. ವಾಪಸ್ ಬಂದರೆ ನೀವು ಬೇಡ ಅಂತೀರಿ ಅಂದುಕೊಂಡೆ. ಎರಡು ದಡದಲ್ಲೂ ಬೇಡದವನು ಎಲ್ಲಿಗೆ ಹೋಗಲಣ್ಣ?"

ರೇವಣ್ಣ ಅವನ ಪಕ್ಕ ನೆಲದ ಮೇಲೆ ಕುಳಿತ.

"ನನ್ನ ಜೊತೆ ಬರುತ್ತೀಯಾ?" ಎಂದು ಕೇಳಿದ.

"ಇಲ್ಲಣ್ಣ. ಇಲ್ಲೇ ಇರುತ್ತೇನೆ" ಎಂದ ಮಾದೇಶ. ಸಿಟ್ಟಿನಿಂದ ಹೇಳಲಿಲ್ಲ. ಅದನ್ನೇ ರೇವಣ್ಣನಿಗೆ ತಡೆಯಲಾಗಲಿಲ್ಲ.

ಆಶ್ರಮಕ್ಕೆ ಹಿಂದಿರುಗಿದವನೇ ಗುರುಗಳ ಮುಂದೆ ನಿಂತ.

"ಈ ಕೆಲಸ ನನ್ನಿಂದ ತೆಗೆದುಕೊಳ್ಳಿ ಗುರುಗಳೇ. ನಾನು ಯೋಗ್ಯನಲ್ಲ."

"ನಾಡಿದ್ದು ಪಂದ್ಯವಿದೆ" ಎಂದರು ಗುರುಗಳು. "ಯೋಗ್ಯತೆ ವಿಚಾರ ಆಮೇಲೆ ನೋಡೋಣ. ಹುಡುಗರು ಕಾಯುತ್ತಿದ್ದಾರೆ, ಹೋಗು."

ರೇವಣ್ಣ ಹೋಗಿ ಹುಡುಗರನ್ನೆಲ್ಲ ಕೂರಿಸಿಕೊಂಡು, ಮಾದೇಶನಿಗೆ ತಾನು ಮಾಡಿದ್ದನ್ನು ಹೇಳಿದ. ಕೆಲವರು ಅವನ ಮುಖ ನೋಡುವುದನ್ನು ಬಿಟ್ಟರು.

ಅದು ಫೈನಲ್ ಪಂದ್ಯ. ಚೆಂಗಪ್ಪನಿಲ್ಲದ ತಂಡ ಹೇಗೋ ಕೊನೆಯವರೆಗೆ ಮುಂದೆಯೇ ಇತ್ತು. ಉಳಿದದ್ದು ಒಂದು ಓವರ್. ಅದನ್ನು ಹಾಕಬೇಕಾದವನು ಅಫ್ಸರ್.

ಅಫ್ಸರ್ ಬೌಂಡರಿ ಗೆರೆಯ ಹತ್ತಿರಕ್ಕೆ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ಮೊಣಕೈಯಲ್ಲಿ ಏನೋ ಚುಚ್ಚುತ್ತಿದೆ. ಹಾಕು ಅಂದರೆ ಹಾಕುತ್ತೇನೆ. ಒಂದೇ ಓವರ್ ತಾನೆ?"

ಸುತ್ತ ಜನ ಕೂಗುತ್ತಿದ್ದರು. ಇಷ್ಟು ವರ್ಷದಲ್ಲಿ ಆಶ್ರಮ ಆ ಕಪ್ಪನ್ನು ಕೈಯಲ್ಲಿ ಹಿಡಿದಿರಲಿಲ್ಲ.

"ಬೇಡ" ಎಂದ ರೇವಣ್ಣ. "ಹೊರಗೆ ಬಾ."

ಚೆಂಡು ಬೇರೆಯವನ ಕೈಗೆ ಹೋಯಿತು. ಅವನಿಗೆ ಕೊನೆಯ ಓವರ್ ಹಾಕಿ ಅಭ್ಯಾಸವಿರಲಿಲ್ಲ. ಓವರ್ ಮುಗಿಯುವ ಮೊದಲೇ ಪಂದ್ಯ ಮುಗಿಯಿತು.

ಬೆನ್ನು ತಟ್ಟಿದ್ದವರೇ ಬೈದುಕೊಂಡು ಹೋದರು. "ಮೊಣಕೈ ನೋವಂತೆ! ಇದ್ದ ಚೆಂಗಪ್ಪನನ್ನೂ ಕಳೆದುಕೊಂಡ" ಎಂದರು. ರೇವಣ್ಣ ತಲೆತಗ್ಗಿಸಿ ಕೇಳಿಸಿಕೊಂಡ. ಆ ಮಾತು ಅವನಿಗೆ ನಾಟಲಿಲ್ಲ.

ನಾಟಿದ್ದು ಇನ್ನೊಂದು. ಮೈದಾನದಾಚೆ, ಮರದ ಕೆಳಗೆ, ಪಂಕಜಾ ಮೇಡಂ ಜೊತೆ ಮಾದೇಶ ಪಂದ್ಯ ನೋಡಲು ಬಂದಿದ್ದ. ಅಫ್ಸರ್ ಅವನ ಹತ್ತಿರ ಓಡಿದ. ಇಬ್ಬರೂ ಏನೋ ಮಾತಾಡಿಕೊಂಡರು. ಮಾದೇಶ ಎಡಗೈಯಿಂದ ಅಫ್ಸರನ ಮೊಣಕೈಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದ, ಎಲ್ಲಿ ನೋವು, ಇಲ್ಲಿಯಾ, ಇಲ್ಲಿಯಾ ಎಂದು ಕೇಳುವವನ ಹಾಗೆ. ಒಮ್ಮೆ ಅವನ ಕಣ್ಣು ರೇವಣ್ಣನ ಕಡೆ ತಿರುಗಿತು. ಆಮೇಲೆ ಬೇರೆ ಕಡೆ ಹೊರಳಿತು.

ರೇವಣ್ಣನಿಗೆ ಅಲ್ಲಿಗೆ ಹೋಗುವ ಧೈರ್ಯ ಬರಲಿಲ್ಲ.

ಜನ ಚದುರಿದ ಮೇಲೆ ಗುರುಶಿಷ್ಯರು ನದಿಯ ದಂಡೆಯಲ್ಲಿ ನಡೆದು ಹೊರಟರು. ಗುರುಗಳು ಸೋಲಿನ ಮಾತೆತ್ತಲಿಲ್ಲ.

"ಗುರುಗಳೇ" ಎಂದ ರೇವಣ್ಣ, "ಹೇಳಬೇಕಾದವರಿಗೆಲ್ಲ ಹೇಳಿದೆ. ಚೆಂಗಪ್ಪ ಅವನ ಜಾಗಕ್ಕೆ ಹೋದ. ಇವತ್ತು ಅಫ್ಸರನ ಮಾತು ಕೇಳಿದೆ. ಆದರೂ ಮಾದೇಶನ ಕಣ್ಣು ಹೊರಳಿದ ಕೂಡಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಈ ನಾಚಿಕೆ ಯಾವಾಗ ಹೋಗುತ್ತೆ?"

ಗುರುಗಳು ನಿಂತರು. ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ಯಾಕೆ ಹೋಗಬೇಕು? ಕೊನೆ ಕಾಯುವ ನಿನ್ನ ಪಡೆಯಲ್ಲಿ ಇಷ್ಟು ದಿನ ಅದೊಂದೇ ಇರಲಿಲ್ಲ. ಈಗ ಬಂದಿದೆ. ಅದನ್ನು ಮಾತ್ರ ಯಾರಿಗೂ ಬದಲಿಗೆ ಕೊಡಬೇಡ."